ಹದಿನೆಂಟು ಹುಣಸೆಬೀಜ

ಓಟವೆಂದರೆ ಸುಣ್ಣದ ಗೆರೆ ಎಳೆದು ದಾರಿ ತೋರಿಸಿರುತ್ತಾರೆ. ನಾವು ಓಡುತ್ತಿದ್ದ ಓಟಕ್ಕೆ ದಾರಿಯೇ ಇರಲಿಲ್ಲ. ಕೈಯಲ್ಲಿ ಒಂದು ನಕ್ಷೆ, ಒಂದು ದಿಕ್ಸೂಚಿ. ಬಾದಾಮಿಯ ಗುಡ್ಡದ ಮೇಲೆ ಅಲ್ಲೊಂದು ಇಲ್ಲೊಂದು ಮರೆಮಾಡಿ ನೆಟ್ಟ ಕೆಂಪು-ಬಿಳಿ ಬಟ್ಟೆಯ ಎಂಟು ಬಾವುಟ. ಓಡುವವರು ಇಬ್ಬಿಬ್ಬರ ಜೋಡಿ. ಬಾವುಟಗಳನ್ನು ಒಂದಾದ ಮೇಲೊಂದರಂತೆ ಹುಡುಕಿ, ಅಲ್ಲಿ ಕಟ್ಟಿಟ್ಟ ಮೊಹರನ್ನು ಚೀಟಿಯ ಮೇಲೆ ಒತ್ತಿಕೊಂಡು, ಎಲ್ಲರಿಗಿಂತ ಮೊದಲು ಕೆರೆಯ ದಂಡೆಗೆ ವಾಪಸು ಬಂದವರು ಗೆದ್ದಂತೆ. ಹುನಗುಂದದಲ್ಲಿ ಇದನ್ನು ವಿವರಿಸಿದರೆ ಜನ ನಗುತ್ತಿದ್ದರು. ತಪ್ಪಿಸಿಕೊಂಡ ಎಮ್ಮೆ ಹುಡುಕಲು ಹೋದವರಿಗೆ ಯಾರಾದರೂ ಬಹುಮಾನ ಕೊಡುತ್ತಾರೇನು ಎಂದು ನಮ್ಮ ಶಾಲೆಯ ಹೆಡ್‌ಮಾಸ್ತರರು ಕೇಳಿದ್ದರು. ಆಗ ನನಗೂ ನಗು ಬಂದಿತ್ತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನಾನು ಹುನಗುಂದದಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರನಾಗಿದ್ದೆ. ನನ್ನ ಜೋಡಿಗಾರ ಇಳಕಲ್ಲಿನವನು, ಸೀರೆ ನೇಯುವವರ ಮನೆಯ ಹಿರಿಯ ಮಗ. ಬಾಗಲಕೋಟೆಯ ಕಾಲೇಜಿನಲ್ಲಿ ಖಾಕಿ ಬಟ್ಟೆ ತೊಟ್ಟು ಕೆಡೆಟ್ ತರಬೇತಿ ಪಡೆಯುವಾಗ ನಾವಿಬ್ಬರೂ ಒಂದೇ ಸಾಲಿನಲ್ಲಿ ನಿಲ್ಲುತ್ತಿದ್ದೆವು. ನಕ್ಷೆ ಓದುವುದನ್ನು ಕಲಿತದ್ದು ಅಲ್ಲೇ. ಪದವಿ ಮುಗಿಯುವ ಮೊದಲೇ ಅವನ ಅಪ್ಪನ ಕಣ್ಣು ಮಂದವಾಗಿ, ಅವನು ಮಗ್ಗಕ್ಕೆ ಕೂತ. ನಾನು ಮಾಸ್ತರಿಕೆಗೆ ಸೇರಿದ ಮೇಲೆ ನನ್ನನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟು "ಮಾಸ್ತರ" ಎನ್ನತೊಡಗಿದ. ಅರ್ಧ ಗೌರವ, ಅರ್ಧ ಚೇಷ್ಟೆ.

ಈ ಆಟದಲ್ಲಿ ಜೋಡಿಯ ಕೆಲಸ ಹಂಚಿಕೆಯಾಗಿರುತ್ತದೆ. ಒಬ್ಬ ದಿಕ್ಕು ಹಿಡಿಯಬೇಕು, ಇನ್ನೊಬ್ಬ ಹೆಜ್ಜೆ ಎಣಿಸಬೇಕು. ಗುಡ್ಡದ ಮೇಲಿನ ಬಯಲಿನಲ್ಲಿ ಗುರುತಿಗೆ ಒಂದು ಮರವೂ ಸಿಗದ ಜಾಗದಲ್ಲಿ, ಯಾವ ದಿಕ್ಕಿಗೆ ಎಷ್ಟು ಹೆಜ್ಜೆ ಎಂಬುದೊಂದೇ ಆಧಾರ. ದಿಕ್ಸೂಚಿ ನನ್ನದು, ಎಣಿಕೆ ಅವನದು. ಎಣಿಕೆಗೆ ಅವನಂಥವನು ಆ ಭಾಗದಲ್ಲಿ ಇನ್ನೊಬ್ಬನಿರಲಿಲ್ಲ. ಹುಟ್ಟಿದಾಗಿನಿಂದ ಎಳೆ ಎಣಿಸುವ ಮನೆಯಲ್ಲಿ ಬೆಳೆದವನು. ಚಡ್ಡಿಯ ಬಲಗಿಸೆಯಲ್ಲಿ ಹುಣಸೆಬೀಜ ತುಂಬಿಕೊಂಡಿರುತ್ತಿದ್ದ. ಎಡಗಾಲು ನೂರು ಸಲ ನೆಲಕ್ಕೆ ತಾಗಿದರೆ ಒಂದು ಬೀಜ ಎಡಗಿಸೆಗೆ. ಮಾತಾಡುತ್ತ, ಏದುಸಿರು ಬಿಡುತ್ತ, ಜಾಲಿಮುಳ್ಳು ತೆಗೆಯುತ್ತಲೂ ಅವನ ಎಣಿಕೆ ತಪ್ಪುತ್ತಿರಲಿಲ್ಲ. ಒಮ್ಮೆ ಹುನಗುಂದದಿಂದ ಅಮೀನಗಡದವರೆಗೆ ನಡೆದು ಎಣಿಸಿದ್ದ. ಬರುವಾಗ ಮತ್ತೆ ಎಣಿಸಿದ. ಹನ್ನೆರಡು ಹೆಜ್ಜೆ ವ್ಯತ್ಯಾಸ ಬಂತೆಂದು ದಾರಿಯುದ್ದಕ್ಕೂ ಮುಖ ಸಿಂಡರಿಸಿಕೊಂಡಿದ್ದ.

ನನಗೆ ಈ ಓಟ ಹವ್ಯಾಸ. ಗೆದ್ದರೂ ಸೋತರೂ ಒಂದನೇ ತಾರೀಖಿಗೆ ಸಂಬಳ ಬರುತ್ತಿತ್ತು. ಅವನ ಸಂಗತಿ ಹಾಗಿರಲಿಲ್ಲ. ಅವನಿಗೆ ವ್ಯಾಯಾಮ ಶಿಕ್ಷಕನಾಗಬೇಕಿತ್ತು. ಆ ತರಬೇತಿಗೆ ಆಟಗಾರರಿಗೆಂದು ಕೆಲವು ಸೀಟು ಮೀಸಲಿಟ್ಟಿದ್ದರು. ರಾಜ್ಯ ತಂಡದಲ್ಲಿ ಆಡಿದ ಪ್ರಮಾಣಪತ್ರ ಇದ್ದವರಿಗೆ ಮಾತ್ರ. ಬಾದಾಮಿಯ ಓಟದಲ್ಲಿ ಮೊದಲೆರಡು ಸ್ಥಾನ ಪಡೆದ ಜೋಡಿಗಳನ್ನು ರಾಜ್ಯ ತಂಡಕ್ಕೆ ಆರಿಸುತ್ತಿದ್ದರು. ಎರಡು ವರ್ಷ ಓಡಿದ್ದೆವು, ಮೊದಲ ವರ್ಷ ಐದನೆಯವರು, ಮರುವರ್ಷ ಮೂರನೆಯವರು. ಆ ಮೂರನೆಯ ವರ್ಷ ಮುಗಿದರೆ ಸೀಟಿಗೆ ಅವನ ವಯಸ್ಸು ಮೀರುತ್ತಿತ್ತು. ಮತ್ತೆ ಕೇಳಲು ಬರುವಂತಿರಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿಕೊಳ್ಳುವ ಸುಖವೂ ನನಗಿಲ್ಲ.

ಆ ವರ್ಷ ನನಗೆ ಸಾಡೇಸಾತಿ ಹಿಡಿದಿದೆ ಎಂದು ಯಾರೋ ನಮ್ಮವ್ವನ ತಲೆಗೆ ತುಂಬಿದ್ದರು. ಅವ್ವ ಬಾಗಲಕೋಟೆಯ ಟಾಂಗಾ ಸ್ಟ್ಯಾಂಡಿಗೆ ಹೋಗಿ, ಕುದುರೆಯ ಹಳೆಯ ಲಾಳವೊಂದನ್ನು ಇಸಿದುಕೊಂಡು, ಕಮ್ಮಾರನಿಂದ ಉಂಗುರ ಮಾಡಿಸಿ ತಂದಳು. ಶನಿಯ ಕಾಟಕ್ಕೆ ಲಾಳದ ಉಂಗುರ ಬಲಗೈಯ ನಡುಬೆರಳಿನಲ್ಲಿ ಇರಬೇಕು. ನಮ್ಮಪ್ಪನಿಗೆ ಇದೆಲ್ಲ ಆಗದು. ಬೆಳಗಾದರೆ ಲಿಂಗಪೂಜೆ, ಅದಾದ ಮೇಲೆ ವಚನದ ಓದು. ಕೊರಳಲ್ಲಿ ಲಿಂಗ ಕಟ್ಟಿಕೊಂಡವನಿಗೆ ಶನಿಯ ಹಂಗೇನು ಎಂದು ಊರಿಗೇ ಬುದ್ಧಿ ಹೇಳುವ ಮನುಷ್ಯ. ಹಾಗಾಗಿ ಮನೆಯಲ್ಲಿದ್ದಾಗ ಉಂಗುರ ನನ್ನ ಕಿಸೆಯಲ್ಲಿರುತ್ತಿತ್ತು, ಪರೀಕ್ಷೆ-ಗಿರೀಕ್ಷೆ, ಇನ್‌ಸ್ಪೆಕ್ಟರ ಭೇಟಿ ಇಂಥ ದಿನಗಳಲ್ಲಿ ಮಾತ್ರ ಬೆರಳಿಗೆ ಏರುತ್ತಿತ್ತು. ರವಿವಾರದ ನಮ್ಮ ಅಭ್ಯಾಸಕ್ಕೆ ಅದನ್ನು ಒಮ್ಮೆಯೂ ಹಾಕಿಕೊಂಡು ಹೋಗಿರಲಿಲ್ಲ. ಅಪ್ಪನ ಎದುರಿಗೆ ಅಪ್ಪನ ಹಾಗೆ, ಅವ್ವನ ಎದುರಿಗೆ ಅವ್ವನ ಹಾಗೆ ಇರುವುದು ನನಗೆ ಚಿಕ್ಕಂದಿನಿಂದ ರೂಢಿಯಾಗಿತ್ತು.

ಓಟದ ದಿನ ಬೆಳಿಗ್ಗೆ ಅಗಸ್ತ್ಯತೀರ್ಥ ಕೆರೆಯ ದಂಡೆಯಲ್ಲಿ ಹನ್ನೊಂದು ಜೋಡಿ ನಿಂತಿದ್ದವು. ಬೆಂಗಳೂರು, ಬೆಳಗಾವಿ, ಧಾರವಾಡದ ಕಡೆಯವರು. ಒಳ್ಳೆಯ ಕ್ಯಾನ್ವಾಸ್ ಬೂಟು, ಕೈಗಡಿಯಾರ. ನಮ್ಮವನ ಬೂಟಿನ ಮುಂಭಾಗವನ್ನು ಅವನೇ ಸೀರೆಯ ಅಂಚಿನ ದಾರದಿಂದ ಹೊಲಿದುಕೊಂಡಿದ್ದ. ದಿಕ್ಸೂಚಿಯ ಹತ್ತಿರ ಕಬ್ಬಿಣ ಇರಬಾರದು. ಕೆಡೆಟ್ ಕಾಲದಿಂದ ತಲೆಗೆ ಹೊಡೆದು ಕಲಿಸಿದ ಪಾಠ. ಹೊರಡುವ ಮುಂಚೆ ನಾನೇ ಅವನನ್ನು ನಿಲ್ಲಿಸಿ ತಪಾಸಣೆ ಮಾಡಿದೆ. ಚಾಕು ತೆಗೆಸಿದೆ. ಬೆಲ್ಟಿನ ಬಿಲ್ಲೆ ಬೇಡವೆಂದೆ. ಅವನು ನಗುತ್ತ ಬೆಲ್ಟು ಬಿಚ್ಚಿ ಚಡ್ಡಿಗೆ ಲಾಡಿ ಕಟ್ಟಿಕೊಂಡ. ಆಮೇಲೆ ನಾನು ಯಾರಿಗೂ ಕಾಣದ ಹಾಗೆ ಅತ್ತ ತಿರುಗಿ, ಅವ್ವನನ್ನು ನೆನೆದು, ಉಂಗುರವನ್ನು ಬಲಗೈಯ ನಡುಬೆರಳಿಗೆ ಏರಿಸಿಕೊಂಡೆ. ಅದೇ ಅಂಗೈಯಲ್ಲೇ ನಾನು ದಿಕ್ಸೂಚಿ ಹಿಡಿಯುವುದು.

ಇದನ್ನು ಕೇಳಿದವರಿಗೆ ನಂಬುವುದು ಕಷ್ಟ ಎಂದು ನನಗೆ ಗೊತ್ತು. ಗೆಳೆಯನ ಬೆಲ್ಟು ಬಿಚ್ಚಿಸಿದ ಮನುಷ್ಯ ಐದು ನಿಮಿಷ ಬಿಟ್ಟು ತನ್ನ ಬೆರಳಿಗೆ ಕಬ್ಬಿಣ ಹಾಕಿಕೊಳ್ಳುತ್ತಾನೆಯೇ? ಹಾಕಿಕೊಂಡೆ. ಏಕೆಂದರೆ ಅದು ನನಗೆ ಕಬ್ಬಿಣವೆಂದು ಹೊಳೆಯಲೇ ಇಲ್ಲ. ಚಾಕು ಕಬ್ಬಿಣ, ಬಿಲ್ಲೆ ಕಬ್ಬಿಣ, ಉಂಗುರ ಶನಿಮಹಾತ್ಮ. ಗೆಲ್ಲಬೇಕೆಂಬ ಆಸೆಗಿಂತ ಸೋಲುತ್ತೇವೆಂಬ ಹೆದರಿಕೆ ಆ ದಿನ ಹೆಚ್ಚಾಗಿತ್ತು.

ಮೊದಲ ಐದು ಬಾವುಟಗಳಿಗೆ ದಿಕ್ಸೂಚಿ ಬೇಕಾಗಲಿಲ್ಲ. ಕೋಟೆಯ ಗೋಡೆ, ಬಂಡೆಯ ಕೊರಕಲು, ಒಣಗಿದ ಹಳ್ಳ, ಎಲ್ಲವೂ ನಕ್ಷೆಯಲ್ಲಿ ಅಚ್ಚುಕಟ್ಟಾಗಿದ್ದವು. ನಾವು ಆ ನೆಲದವರು, ಬಿಸಿಲಿನಲ್ಲಿ ಬೆಳೆದವರು. ಹೊರಗಿನಿಂದ ಬಂದವರು ಕೆಂಪುಬಂಡೆಯ ಮೇಲೆ ಕಾಲು ಜಾರಿ ಕೂತುಕೊಂಡರೆ ನಾವು ಮೇಕೆಯ ಹಾಗೆ ಹತ್ತಿ ಹೋದೆವು. ಐದನೆಯ ಬಾವುಟದ ಬಳಿ ಕೂತಿದ್ದ, ತೀರ್ಪು ನೋಡುವ ಪಂಚ, ನಿಮಗಿಂತ ಮುಂದೆ ಯಾರೂ ಬಂದಿಲ್ಲ ಎಂದ. ನನ್ನ ಗೆಳೆಯ ನನ್ನ ಹೆಗಲು ಒಮ್ಮೆ ಹಿಡಿದು ಬಿಟ್ಟ.

ಆರನೆಯ ಬಾವುಟ ಇದ್ದದ್ದು ಮಹಾಕೂಟದ ದಾರಿಯ ಆಚೆ, ಗುಡ್ಡದ ಮೇಲಿನ ಬಯಲಿನ ಒಂದು ಸಣ್ಣ ತಗ್ಗಿನಲ್ಲಿ. ಸುತ್ತಲೂ ಮೊಣಕಾಲೆತ್ತರದ ಒಣ ಹುಲ್ಲು, ಕುರುಚಲು ಕಂಟಿ. ನಾನು ಅಂಗೈಯಲ್ಲಿ ದಿಕ್ಸೂಚಿ ಇಟ್ಟುಕೊಂಡು ದಿಕ್ಕು ಹಿಡಿದೆ. ಅವನು ಬೀಜ ಎಣಿಸುತ್ತ ಬಂದ. ಹದಿನೆಂಟು ಬೀಜ ಎಡಗಿಸೆಗೆ ಬಿದ್ದಾಗ ನಿಂತು, ಇಲ್ಲೇ ಎಂದ. ಅಲ್ಲಿ ಏನೂ ಇರಲಿಲ್ಲ. ತಗ್ಗೂ ಇಲ್ಲ, ಬಾವುಟವೂ ಇಲ್ಲ. ನಾವು ಸುತ್ತಿದೆವು. ಮುಂದೆ ಹೋದೆವು, ಬಲಕ್ಕೆ ಹೋದೆವು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ದೂರದಲ್ಲಿ ಬೆಳಗಾವಿಯ ಜೋಡಿ ನಮ್ಮ ಎಡಕ್ಕೆ ಬಹಳ ಆಚೆ ಓಡಿ ಹೋಗುವುದು ಕಂಡಿತು. ದಾರಿ ತಪ್ಪಿದ್ದಾರೆ ಎಂದು ನಾನು ನಕ್ಕೆ. ಆಮೇಲೆ ಸಿಟ್ಟು ಬಂತು. ನನ್ನ ಸಿಟ್ಟು ಮೂಗಿನ ತುದಿಯಲ್ಲಿರುವಂಥದ್ದು.

"ನಿನ್ನ ಎಣಿಕಿ ತಪ್ಪೈತಿ ನೋಡು" ಎಂದೆ.

ಅವನು ಕಿಸೆಯಿಂದ ಬೀಜ ತೆಗೆದು ಬಂಡೆಯ ಮೇಲೆ ಸುರುವಿ ಎಣಿಸಿದ. ಹದಿನೆಂಟು. ನನ್ನ ಕಡೆ ನೋಡಿದ. ಬೀಜ ಸರಿ ಇರಬಹುದು, ನಡುವೆ ನೂರು ಹೆಚ್ಚೋ ಕಡಿಮೆಯೋ ಆಗಿರಬಹುದು, ಐದನೆಯ ಬಾವುಟದಿಂದ ನಿನ್ನ ತಲೆ ನೆಲದ ಮೇಲಿಲ್ಲ, ಸೀಟು ಸಿಕ್ಕಂತೆ ಕುಣಿಯುತ್ತಿದ್ದೀ ಎಂದು ನಾನು ಬಾಯಿಗೆ ಬಂದಂತೆ ಅಂದೆ. ಅವನ ಮುಖ ಸಪ್ಪಗಾಯಿತು. ಇಲ್ಲ ಎಂದು ವಾದಿಸಲಿಲ್ಲ. ಅವನು ಆ ಕ್ಷಣದಲ್ಲಿ ತನ್ನನ್ನೇ ತಾನು ನಂಬುವುದನ್ನು ಬಿಟ್ಟದ್ದನ್ನು ನಾನು ಕಣ್ಣಾರೆ ನೋಡಿದೆ.

ಅವನು ಮತ್ತೆ ಹುಡುಕಲು ಅತ್ತ ಹೋದಾಗ ನಾನು ದಿಕ್ಸೂಚಿಯನ್ನು ಬಂಡೆಯ ಮೇಲಿಟ್ಟು ನಕ್ಷೆ ಹರಡಿದೆ. ಮುಳ್ಳು ಬೇರೆಯೇ ಕಡೆ ತಿರುಗಿ ನಿಂತಿತು. ಕೈಗೆ ತೆಗೆದುಕೊಂಡೆ, ಪಕ್ಕಕ್ಕೆ ಸರಿಯಿತು. ಮತ್ತೆ ಬಂಡೆಯ ಮೇಲಿಟ್ಟೆ, ಹಿಂದಕ್ಕೆ ಹೋಯಿತು. ಆಗ ಬೆರಳು ನೋಡಿಕೊಂಡೆ. ಲಾಳದ ಉಂಗುರವೂ ಕಬ್ಬಿಣವೇ.

ಒಂದು ಕೂಗು ಹಾಕಿದ್ದರೆ ಸಾಕಿತ್ತು. ತಪ್ಪು ನನ್ನದು, ಉಂಗುರ ನೋಡು ಎಂದಿದ್ದರೆ ಅವನು ನಾಲ್ಕು ಬೈದು, ಐದನೆಯದಕ್ಕೆ ನಕ್ಕುಬಿಡುತ್ತಿದ್ದ. ನಾನು ಮಾಡಿದ್ದು ಬೇರೆ. ಬೆವರು ಒರೆಸಿಕೊಳ್ಳುವವನ ಹಾಗೆ ಟವೆಲ್ಲಿನಡಿ ಕೈ ತಂದು ಉಂಗುರ ಕಿತ್ತು ಕಿಸೆಗೆ ಹಾಕಿಕೊಂಡೆ. ಬಾವುಟ ನಮ್ಮ ಎಡಕ್ಕಿದೆ ಎಂದು ಈಗ ನನಗೆ ಗೊತ್ತಿತ್ತು. ಆದರೆ ನೇರ ಎಡಕ್ಕೆ ಹೋದರೆ ದಿಕ್ಕು ತಪ್ಪಿದ್ದು ಅವನಿಗೆ ತಿಳಿಯುತ್ತದೆ. ಅದಕ್ಕೆ ಅವನನ್ನು ಕರೆದು, ನಾವು ಮುಂದೆ ಬಂದುಬಿಟ್ಟಿದ್ದೇವೆ ಎಂದು ಹೇಳಿ, ಬಂದ ದಾರಿಯಲ್ಲೇ ಮೂರು ನೂರು ಹೆಜ್ಜೆ ಹಿಂದಕ್ಕೆ ನಡೆಸಿ, ಅಲ್ಲಿಂದ ಮೆಲ್ಲಗೆ ಓರೆಯಾಗಿ ಎಡಕ್ಕೆ ಸರಿದೆ. ಸೋಲು ಕಣ್ಣೆದುರಿಗಿದ್ದಾಗಲೂ ಇಷ್ಟೆಲ್ಲ ಲೆಕ್ಕ ಹಾಕಲು ನನ್ನ ತಲೆಗೆ ಪುರುಸೊತ್ತಿತ್ತು. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಹೇಸಿಗೆಯಾಗುತ್ತದೆ.

ಬಾವುಟ ಸಿಕ್ಕಿತು. ಅವನು ಮೊಹರು ಒತ್ತುತ್ತ, ತಲೆ ಎತ್ತದೆ, "ನಂದ ತಪ್ಪು ಮಾಸ್ತರ. ಎಲ್ಲಿ ಬಿಟ್ನೋ ಗೊತ್ತಾಗ್ಲಿಲ್ಲ" ಎಂದ.

"ಇರ್ಲಿ ಬಿಡು" ಎಂದೆ ನಾನು.

ಕ್ಷಮಿಸಿದವನ ಧ್ವನಿಯಲ್ಲಿ ಅಂದೆ. ಉಳಿದ ಎರಡು ಬಾವುಟಗಳಿಗೆ ನಾವು ಜೀವ ಬಿಟ್ಟು ಓಡಿದೆವು. ಅವನಂತೂ ಮೊಣಕಾಲಿನಿಂದ ರಕ್ತ ಇಳಿಯುತ್ತಿದ್ದರೂ ನಿಲ್ಲಲಿಲ್ಲ. ಕೆರೆಯ ದಂಡೆಗೆ ಬಂದಾಗ ಎರಡು ಜೋಡಿ ಆಗಲೇ ಅಲ್ಲಿ ಕೂತು ನಿಂಬೆಹಣ್ಣಿನ ಪಾನಕ ಕುಡಿಯುತ್ತಿದ್ದವು. ಎರಡನೆಯವರಿಗಿಂತ ನಾವು ಏಳು ನಿಮಿಷ ತಡವಾಗಿದ್ದೆವು. ಮತ್ತೆ ಮೂರನೆಯವರು.

ಗುಳೇದಗುಡ್ಡದ ಮಾರ್ಗವಾಗಿ ಬರುವ ಬಸ್ಸಿನಲ್ಲಿ ಅವನು ಕಿಟಕಿಗೆ ತಲೆ ಕೊಟ್ಟು ಕೂತಿದ್ದ. ಹುನಗುಂದ ನನಗೆ ಮೊದಲು ಬರುತ್ತದೆ, ಇಳಕಲ್ಲು ಅದರ ಮುಂದೆ. ದಾರಿಯಿಡೀ ಹೇಳಬೇಕು ಹೇಳಬೇಕು ಎಂದುಕೊಂಡೆ. ಅಮೀನಗಡ ಬಂದಾಗ ಬಾಯಿ ತೆರೆದೆ. ಅಷ್ಟರಲ್ಲಿ ಅವನೇ, ನನ್ನ ಸಲುವಾಗಿ ಮೂರು ವರ್ಷ ರವಿವಾರ ಹಾಳು ಮಾಡಿಕೊಂಡಿ, ನಿನ್ನ ಆಯ್ಕೆಯನ್ನೂ ನಾನೇ ಕೆಡಿಸಿದೆ ಎಂದು ನನ್ನ ಕೈ ಹಿಡಿದುಕೊಂಡ. ನಾನು ಬಾಯಿ ಮುಚ್ಚಿಕೊಂಡು ಇಳಿದು ಹೋದೆ.

ಆಮೇಲೆ ನಾನು ಓಡಲಿಲ್ಲ. ಬೇರೆ ಜೋಡಿ ಹುಡುಕಿ ಕೊಡುತ್ತೇವೆಂದು ಓಟ ನಡೆಸುವ ಸಂಘದವರು ಪತ್ರ ಬರೆದಿದ್ದರು, ಉತ್ತರ ಹಾಕಲಿಲ್ಲ. ರಾಮಥಾಳದ ಶಾಲೆಗೆ ವರ್ಗವಾಯಿತು, ಮದುವೆಯಾಯಿತು. ಅಪ್ಪನಿಗೆ ಉಂಗುರದ ವಿಷಯ ತಿಳಿಯಲೇ ಇಲ್ಲ. ಅವ್ವ ಮಾತ್ರ, ಉಂಗುರ ಹಾಕಿಕೊಂಡದ್ದಕ್ಕೇ ಮೂರನೇ ನಂಬರಾದರೂ ಬಂತು, ಇಲ್ಲದಿದ್ದರೆ ಕೈಕಾಲು ಮುರಿಯುತ್ತಿತ್ತು ಎಂದು ನೆರೆಯವರಿಗೆ ಹೇಳುತ್ತಿದ್ದಳು. ನಾನು ಆ ಉಂಗುರವನ್ನು ಓಟದ ವಾರವೇ ಊರ ಹೊರಗಿನ ಹಾಳುಬಾವಿಗೆ ಎಸೆದಿದ್ದೆ. ಇಳಕಲ್ಲು ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ತಂಗಿಯ ಮದುವೆಗೆ ಸೀರೆ ತರಲು ಹೋದಾಗ ಅವನ ಓಣಿ ತಪ್ಪಿಸಿ, ಬಿಸಿಲಿನಲ್ಲಿ ಸುತ್ತುಹಾಕಿ ಅಂಗಡಿಗೆ ಹೋದೆ. ಮಗ್ಗದ ಸಪ್ಪಳ ಕೇಳಿದರೆ ಕಾಲು ತಾನಾಗಿ ಬೇಗ ಬೇಗ ಹೆಜ್ಜೆ ಹಾಕುತ್ತಿತ್ತು. ಹೀಗೆ ಎಂಟು ವರ್ಷ ಹೋದವು.

ಎಂಟು ವರ್ಷದ ಮೇಲೆ ಸಂಘದವರು ಮತ್ತೆ ಬರೆದರು. ಓಡಲು ಅಲ್ಲ, ಬಾವುಟ ನೆಡಲು. ಬಾದಾಮಿಯ ಗುಡ್ಡ ಬಲ್ಲವರು ಬೇಕು, ನಿಮ್ಮ ಹಳೆಯ ಜೋಡಿಗಾರರನ್ನೂ ಕರೆದುಕೊಂಡು ಬನ್ನಿ, ಅಳತೆಗೆ ಅವರಂಥವರಿಲ್ಲ ಎಂದು ಬರೆದಿದ್ದರು. ಆ ಕಾಗದ ಕೈಯಲ್ಲಿ ಹಿಡಿದು ನಾನು ಬಹಳ ಹೊತ್ತು ಕೂತೆ. ಇದು ಒಂದು ನೆಪವಾಗಬಹುದು ಅನ್ನಿಸಿತು. ಅವನು ಮತ್ತೆ ಗುಡ್ಡದ ಮೇಲೆ ಎಣಿಸುತ್ತ ನಡೆದರೆ ನನ್ನ ಎದೆಯ ಭಾರ ಅರ್ಧ ಇಳಿಯಬಹುದು, ಬಾಯಿ ಬಿಡುವ ಪ್ರಸಂಗವೇ ಬರಲಿಕ್ಕಿಲ್ಲ ಎಂದೂ ಲೆಕ್ಕ ಹಾಕಿದೆ. ನನ್ನ ಬುದ್ಧಿ ಇನ್ನೂ ಅಂಥದ್ದೇ.

ಅವನು ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ. ಹೊಟ್ಟೆ ಬಂದಿತ್ತು, ಕಿವಿಯ ಬಳಿ ಕೂದಲು ನೆರೆತಿತ್ತು. ನನ್ನನ್ನು ಕಂಡು ಲಾಳಿ ಅಲ್ಲೇ ಬಿಟ್ಟು ಎದ್ದು ಬಂದ. ಹೆಂಡತಿಯನ್ನು ಕರೆದು, ಇವನೇ ನೋಡು ನಮ್ಮ ಮಾಸ್ತರ, ನನ್ನ ತಪ್ಪಿನಿಂದ ಇವನ ಆಯ್ಕೆ ಹೋಯಿತು, ಆದರೂ ಒಂದು ಮಾತು ಅನ್ನಲಿಲ್ಲ ಎಂದು ಪರಿಚಯ ಮಾಡಿಕೊಟ್ಟ. ಆಕೆ ನನ್ನ ಕಾಲಿಗೆ ನಮಸ್ಕಾರ ಮಾಡಲು ಬಾಗಿದಾಗ ನಾನು ಹಿಂದೆ ಸರಿದೆ. ಚಹಾ ಬಂತು. ಕುಡಿಯುತ್ತ ಅವನು ಮಗ್ಗಕ್ಕೆ ಮತ್ತೆ ಇಳಿದ. ಸೀರೆಯ ಮೈ ಮುಗಿದು ಸೆರಗು ಶುರುವಾಗುವ ಹೊತ್ತು. ಕೆಂಪು ರೇಷ್ಮೆಯಲ್ಲಿ ಬಿಳಿಯ ತೆನೆಯ ಚಿತ್ತಾರ ಎತ್ತಲು ಎಳೆ ಎಣಿಸಬೇಕು. ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಹೆಂಡತಿ ಬಂದು ಪಕ್ಕದಲ್ಲಿ ಕೂತು, ಬೆರಳಿನಿಂದ ಎಳೆ ಸರಿಸಿ ಎಣಿಸಿ ಕೊಟ್ಟಳು. ಅವಳು ಕೊಟ್ಟಲ್ಲಿ ಅವನು ಲಾಳಿ ದಾಟಿಸಿದ.

ನಾನು ಕಾಗದದ ವಿಷಯ ಹೇಳಿದೆ. ಅವನು ತಲೆ ಅಲ್ಲಾಡಿಸಿದ.

"ನನ್ನ ಎಣಿಕಿ ನಂಬಿ ಯಾರನ್ನೂ ಗುಡ್ಡದ ಮ್ಯಾಲೆ ಬಿಡಬ್ಯಾಡ ಮಾಸ್ತರ. ಸೆರಗಿನ ಎಳಿ ಸುದ್ದಾ ಈಕಿನ ಎಣಸ್ತಾಳ" ಎಂದ.

ಉಳಿದದ್ದನ್ನು ಅವನ ಹೆಂಡತಿ ಹೇಳಿದಳು. ಓಟದಿಂದ ಬಂದ ದಿನವೇ ಅವನು ತನ್ನ ಅಪ್ಪನ ಮುಂದೆ ಎಣಿಕೆ ತಪ್ಪಿದ್ದನ್ನು ಒಪ್ಪಿಕೊಂಡಿದ್ದನಂತೆ. ಅಪ್ಪ ಬೈಯಲಿಲ್ಲ. ಮರುದಿನ ಸೆರಗು ಬಂದಾಗ ಮಗನನ್ನು ಮಗ್ಗದಿಂದ ಎಬ್ಬಿಸಿ, ಮಂದ ಕಣ್ಣಿನವನು ತಾನೇ ಕೂತನಂತೆ. ಹೆಜ್ಜೆ ಎಣಿಸಲು ಬಾರದವನಿಗೆ ಎಳೆ ಬರುತ್ತದೆಯೇ ಎಂದು ಓಣಿಯವರ ಎದುರು ಒಂದೇ ಮಾತು ಅಂದದ್ದು. ಅಂದಿನಿಂದ ಮನೆಯಲ್ಲಿ ಸೆರಗಿನ ಎಣಿಕೆ ಅಪ್ಪನದು, ಕಣ್ಣು ಪೂರ್ತಿ ಹೋದ ಮೇಲೆ ಸೊಸೆಯದು. ಮಗನದು ಮೈ ನೇಯುವ ಕೆಲಸ ಮಾತ್ರ. ಆಕೆ ಇದನ್ನು ಊರ ಸುದ್ದಿ ಹೇಳುವ ಹಾಗೆ ಸಹಜವಾಗಿ ಹೇಳಿದಳು. ಅವನು ಸಹಜವಾಗಿಯೇ ಕೇಳುತ್ತ ಕೂತಿದ್ದ. ಆ ಓಟ ಸೀಟನ್ನಷ್ಟೇ ಕಿತ್ತುಕೊಂಡಿದೆ ಎಂದುಕೊಂಡಿದ್ದೆ ನಾನು.

ಆಕೆ ಬಟ್ಟಲು ತೊಳೆಯಲು ಒಳಗೆ ಹೋದಾಗ ಹೇಳಿದೆ. ಉಂಗುರ, ಬಂಡೆಯ ಮೇಲೆ ತಿರುಗಿದ ಮುಳ್ಳು, ಕಿಸೆ, ಬೇಕೆಂದೇ ಹಿಂದಕ್ಕೆ ನಡೆಸಿದ ಮೂರು ನೂರು ಹೆಜ್ಜೆ, ಯಾವುದನ್ನೂ ಬಿಡದೆ ಹೇಳಿದೆ. ಹೇಳುವಾಗ ಅವನ ಮುಖ ನೋಡಲಾಗದೆ ಮಗ್ಗದ ಕುಣಿಯನ್ನೇ ನೋಡುತ್ತಿದ್ದೆ. ನಿನ್ನ ಎಣಿಕೆ ಸರಿ ಇತ್ತು, ಒಂದು ಹೆಜ್ಜೆಯೂ ತಪ್ಪಿರಲಿಲ್ಲ ಎಂದೆ. ಅವನು ಹೊಡೆಯಲಿ ಎಂದು ಕಾದೆ. ಬೈದರೂ ಸಾಕಿತ್ತು.

ಅವನು ಬಲಗೈಯ ಬೆರಳುಗಳನ್ನು ಬಿಚ್ಚಿ, ಮಡಚಿ, ಮತ್ತೆ ಬಿಚ್ಚಿ ನೋಡಿಕೊಂಡ.

"ನನಗ ಹೇಳಿದಿ, ಛಲೋ ಆತು" ಎಂದ ಕೊನೆಗೆ. "ನಮ್ಮಪ್ಪ ತೀರಿಕೊಂಡು ಎರಡು ತಿಂಗಳಾತು. ಅವಂಗ ಯಾರು ಹೇಳವರು?"

ಒಳಗಿನಿಂದ ಬಂದ ಹೆಂಡತಿ, ಮುಂದಿನ ಎಳೆ ಎಣಿಸಿ ಕೊಡಲು ಎಂದಿನಂತೆ ಅವನ ಪಕ್ಕದಲ್ಲಿ ಕೂತಳು. ಅವನು ಬೇಡವೆನ್ನಲಿಲ್ಲ.